ಜಪಾನೀಸ್ ಕಲಿಯಲು ಯಾವ ಬಳಗ ಸೇರಬೇಕು? ಒಂದೇ ವಾಕ್ಯ ಹಿಡಿದು ನೋಡೋಣ

ಜಪಾನೀಸ್ ಕಲಿಯಬೇಕು ಅಂತ ಹೊರಟವರಿಗೆ ಮೊದಲ ವಾರದಲ್ಲೇ ಒಂದು ಗೊಂದಲ ಶುರುವಾಗುತ್ತದೆ. ಆನ್‌ಲೈನ್‌ನಲ್ಲಿ ಜಾಗಗಳು ಬೇಕಾದಷ್ಟಿವೆ. ಉಚಿತ ಕೋರ್ಸ್ ಇದೆ, ಸಾವಿರಾರು ಜನ ಸೇರಿರುವ ಚಾಟ್ ರೂಮ್ ಇದೆ, ಜಪಾನಿನವರನ್ನೇ ಜೊತೆ ಮಾಡಿಕೊಡುವ ಆ್ಯಪ್ ಇದೆ, ದುಡ್ಡು ಕೊಟ್ಟು ಸೇರುವ ತರಗತಿ ಇದೆ, ಅನಿಮೆ ಅಂದರೆ ಜಪಾನಿನ ಕಾರ್ಟೂನ್ ಪ್ರಿಯರ ಗುಂಪಿದೆ. ಎಲ್ಲಕ್ಕೂ ಸೇರಿದವರು ಎರಡೇ ತಿಂಗಳಲ್ಲಿ ಯಾವುದರಲ್ಲೂ ಉಳಿಯುವುದಿಲ್ಲ. ಹಾಗಾಗಿ ಸೇರುವ ಮುಂಚೆ ಒಂದು ಗಂಟೆ ಕೂತು ಯೋಚಿಸಿ. ಆ ಒಂದು ಗಂಟೆ ಮುಂದೆ ಬಹಳ ತಿಂಗಳುಗಳನ್ನು ಉಳಿಸುತ್ತದೆ.

ನನ್ನದೇ ಒಂದು ವಾಕ್ಯದಿಂದ ಶುರು ಮಾಡುತ್ತೇನೆ. ಕಲಿಯಲು ಶುರು ಮಾಡಿದ ಹೊಸದರಲ್ಲಿ ನನ್ನ ಪರಿಚಯ ಹೀಗೆ ಬರೆದಿದ್ದೆ: "ವತಾಶಿ ನೊ ಒತೋಸನ್ ವ ಸೆನ್ಸೇ ದೆಸು." ನಮ್ಮ ತಂದೆಯವರು ಮೇಷ್ಟ್ರು ಅಂತ ಅರ್ಥ. ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಅದನ್ನೇ ನಾಲ್ಕಾರು ಕಡೆ ಹಾಕಿದೆ. ಹಾರ್ಟ್ ಬಂತು, ಚಪ್ಪಾಳೆ ಬಂತು, ಚೆನ್ನಾಗಿದೆ ಅಂದರು. ತಿಂಗಳುಗಳ ನಂತರ ಒಬ್ಬ ಶಿಕ್ಷಕಿ ಅದೇ ವಾಕ್ಯ ಕೇಳಿ ನನ್ನನ್ನು ನಿಲ್ಲಿಸಿದರು. ಹೊರಗಿನವರ ಮುಂದೆ ನಿಮ್ಮ ತಂದೆಯನ್ನು 'ಒತೋಸನ್' ಅನ್ನಬಾರದು, 'ಚಿಚಿ' ಅನ್ನಬೇಕು. ಒತೋಸನ್ ಅನ್ನುವುದು ಬೇರೆಯವರ ತಂದೆಗೆ, ಇಲ್ಲವೇ ಮನೆಯೊಳಗೆ ಅಪ್ಪನನ್ನು ಕರೆಯುವಾಗ. 'ಸೆನ್ಸೇ' ಕೂಡ ಗೌರವದ ಮಾತು. ನಮ್ಮವರ ಕೆಲಸ ಹೇಳುವಾಗ 'ಕ್ಯೋಶಿ' ಅನ್ನಬೇಕು. "ವತಾಶಿ ನೊ ಚಿಚಿ ವ ಕ್ಯೋಶಿ ದೆಸು" ಅಂದರೆ ಸರಿ.

ಕನ್ನಡದವರಿಗೆ ಇದು ತಲೆಕೆಳಗು. ನಾವು ಹೊರಗಿನವರ ಮುಂದೆಯೇ ಅಪ್ಪನಿಗೆ ಜಾಸ್ತಿ ಮರ್ಯಾದೆ ಕೊಡುತ್ತೇವೆ. "ನಮ್ಮ ತಂದೆಯವರು ಹೇಳಿದ್ದಾರೆ" ಅನ್ನುತ್ತೇವೆ. ಜಪಾನಿನಲ್ಲಿ 'ಉಚಿ' ಅಂದರೆ ನಮ್ಮ ಒಳಗಿನವರು, 'ಸೊತೊ' ಅಂದರೆ ಹೊರಗಿನವರು. ಹೊರಗಿನವರ ಜೊತೆ ಮಾತಾಡುವಾಗ ಒಳಗಿನವರನ್ನು ತಗ್ಗಿಸಿಯೇ ಹೇಳಬೇಕು. ಆಫೀಸಿನಲ್ಲೂ ಇದೇ ಲೆಕ್ಕ. ಬೇರೆ ಕಂಪನಿಯವರು ಫೋನ್ ಮಾಡಿದಾಗ ಸ್ವಂತ ಮೇಲಧಿಕಾರಿಯ ಹೆಸರಿಗೂ ಮರ್ಯಾದೆಯ 'ಸನ್' ಸೇರಿಸುವುದಿಲ್ಲ.

ಈಗ ನೋಡಿ, ಇದು ಭಾಷೆಯ ಪಾಠವೋ, ಸಂಸ್ಕೃತಿಯ ಪಾಠವೋ? ಬೇರೆ ಮಾಡಲು ಬರುವುದಿಲ್ಲ. ಚೆರ್ರಿ ಹೂವು, ಕಿಮೊನೊ, ಹಬ್ಬದ ಫೋಟೊಗಳನ್ನು ಹಂಚಿಕೊಂಡ ಮಾತ್ರಕ್ಕೆ ಒಂದು ಗುಂಪಿನಲ್ಲಿ ಸಂಸ್ಕೃತಿ ಕಲಿಸುತ್ತಾರೆ ಅಂತ ಹೇಳಲಾಗದು. ನೀವು ಬರೆದ ವಾಕ್ಯದ ಒಳಗಿರುವ ಸಂಸ್ಕೃತಿಯನ್ನು ಯಾರಾದರೂ ತಿದ್ದಿದರೆ ಅದು ಕಲಿಕೆ. ಅದಕ್ಕೇ ಕೆಳಗಿನ ಎಲ್ಲಾ ಆಯ್ಕೆಗಳಿಗೂ ಇದೇ ವಾಕ್ಯವನ್ನು ಒಡ್ಡಿ ನೋಡುತ್ತೇನೆ. ಇದನ್ನು ಅಲ್ಲಿ ಹಾಕಿದರೆ ಏನಾಗುತ್ತದೆ?

ಯಾವುದನ್ನು ಅಳೆಯಬೇಕು

ಮೊದಲ ಅಳತೆ ಇದೇ. ಯಾರು ತಿದ್ದುತ್ತಾರೆ, ಎಷ್ಟು ದಿನದಲ್ಲಿ ತಿದ್ದುತ್ತಾರೆ?

ಎರಡನೆಯದು ನಿಮ್ಮ ಗುರಿ. ಜೆಎಲ್‌ಪಿಟಿ ಎಂಬ ಜಪಾನೀಸ್ ಭಾಷಾ ಪರೀಕ್ಷೆಯ ಮೊದಲ ಮೆಟ್ಟಿಲು ಎನ್5. ಒಟ್ಟು 180 ಅಂಕ, ಪಾಸಾಗಲು 80 ಬೇಕು. ಪದ, ವ್ಯಾಕರಣ, ಓದು ಸೇರಿ 120ರಲ್ಲಿ ಕನಿಷ್ಠ 38, ಕೇಳುವಿಕೆಯ 60ರಲ್ಲಿ ಕನಿಷ್ಠ 19 ಬರಲೇಬೇಕು. ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ. ಆದರೆ ಈ ಪರೀಕ್ಷೆಯಲ್ಲಿ ಮಾತಾಡುವ ಭಾಗವೇ ಇಲ್ಲ, ಬರೆಯುವ ಭಾಗವೂ ಇಲ್ಲ. ಎಲ್ಲವೂ ಉತ್ತರ ಆರಿಸುವ ಪ್ರಶ್ನೆಗಳು. ಬರೀ ಪರೀಕ್ಷೆಯ ಬಳಗ ಸೇರಿದವರು ಪಾಸಾಗಿಯೂ ಬಾಯಿ ಬಿಡಲಾರದೆ ನಿಲ್ಲುವುದು ಇದರಿಂದಲೇ. ಜಪಾನಿನಲ್ಲಿ 'ತೊಕುತೇ ಗಿನೋ' ಅಂದರೆ ನುರಿತ ಕೆಲಸಗಾರರ ವೀಸಾದ ಮೇಲೆ ಕೆಲಸಕ್ಕೆ ಹೋಗುವವರ ದಾರಿ ಬೇರೆ. 2019ರಲ್ಲಿ ಶುರುವಾದ ಆ ವೀಸಾಕ್ಕೆ ಎನ್5ರ ಮೇಲಿನ ಮೆಟ್ಟಿಲಾದ ಎನ್4 ಇಲ್ಲವೇ ಜೆಎಫ್‌ಟಿ-ಬೇಸಿಕ್ ಎಂಬ ಇನ್ನೊಂದು ಭಾಷಾ ಪರೀಕ್ಷೆ ಪಾಸಾಗಿರಬೇಕು. ಜೆಎಫ್‌ಟಿಯಲ್ಲಿ 250ಕ್ಕೆ 200 ಬೇಕು. ಅಲ್ಲಿ ಕೇಳುವ ಪ್ರಶ್ನೆಗಳು ದಿನನಿತ್ಯದ ಬದುಕಿನವು. ನಿಮ್ಮದು ಯಾವ ಗುರಿ ಅಂತ ಮೊದಲು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ.

ಮೂರನೆಯದನ್ನು ಹೆಚ್ಚು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವಿವರಣೆ ಯಾವ ಭಾಷೆಯಲ್ಲಿ ಸಿಗುತ್ತದೆ? ಇಂಗ್ಲಿಷ್ ಮಾತಾಡುವವರಿಗೆ ಜಪಾನೀಸ್ ಬಹಳ ಕಷ್ಟದ ಭಾಷೆ. ಅವರಿಗಾಗಿ ಬರೆದ ವಿವರಣೆಗಳು ಆ ಕಷ್ಟವನ್ನು ಬಿಡಿಸಲು ಪುಟಗಟ್ಟಲೆ ಹೋಗುತ್ತವೆ. ಕನ್ನಡದವರಿಗೆ ಅದರಲ್ಲಿ ಅರ್ಧ ಬೇಕಿಲ್ಲ. 'ತಬೆತೆ ಮಿರು' ಅಂದರೆ ತಿಂದು ನೋಡು. ತಬೆತೆ ಅಂದರೆ ತಿಂದು, ಮಿರು ಅಂದರೆ ನೋಡು, ಅಷ್ಟೇ. 'ಕೈತೆ ಒಕು' ಅಂದರೆ ಬರೆದಿಡು. 'ತಬೆತೆ ಶಿಮತ್ತ' ಅಂದರೆ ತಿಂದುಬಿಟ್ಟೆ. 'ಇಕು ತೊ ಇತ್ತ' ಅಂದರೆ ಹೋಗ್ತೀನಿ ಅಂತ ಹೇಳಿದ. ಆ 'ತೊ' ನಮ್ಮ 'ಅಂತ'. ವಾಕ್ಯದ ಕೊನೆಯ 'ನೆ' ನಮ್ಮ 'ಅಲ್ವಾ'. ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ಪದದ ಕೊನೆಗೆ ಅಂಟುತ್ತದೆ. ಅಣ್ಣ, ತಮ್ಮ, ಅಕ್ಕ, ತಂಗಿ ನಾಲ್ಕಕ್ಕೂ ಬೇರೆ ಬೇರೆ ಪದ ಇದೆ.

ಕಿವಿಯ ಲೆಕ್ಕದಲ್ಲೂ ನಮಗೆ ಲಾಭ. 'ಕಿತೆ' ಅಂದರೆ ಬಂದು, 'ಕಿತ್ತೆ' ಅಂದರೆ ಅಂಚೆ ಚೀಟಿ. ಕತೆ ಮತ್ತು ಕತ್ತೆ ಬೇರೆ ಅಂತ ಗೊತ್ತಿರುವ ಕಿವಿಗೆ ಇದೇನು ದೊಡ್ಡದಲ್ಲ. 'ಒಬಸನ್' ಅತ್ತೆ, ಚಿಕ್ಕಮ್ಮನ ವಯಸ್ಸಿನವರು, 'ಒಬಾಸನ್' ಅಜ್ಜಿ. ಹಳೆ, ಹಾಳೆ ಅಂತ ದಿನಾ ಬೇರೆ ಮಾಡುವವರಿಗೆ ಈ ದೀರ್ಘ ತಪ್ಪುವುದಿಲ್ಲ. ಅವರ ಅಕ್ಷರಮಾಲೆಯ ಸಾಲು ಕೂಡ ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳು ಸಂಸ್ಕೃತದ ಸಿದ್ಧಂ ಲಿಪಿ ಓದುತ್ತಿದ್ದ ಕಾಲದ ಗುರುತು ಅದರಲ್ಲಿದೆ. ಹಾಗಾಗಿ ಬಳಗದಲ್ಲಿ ಕನ್ನಡವೋ ತಮಿಳೋ ತೆಲುಗೋ ಬಲ್ಲ ಒಬ್ಬರಾದರೂ ಇದ್ದರೆ ವ್ಯಾಕರಣ ಬೇಗ ತಲೆಗೆ ಹತ್ತುತ್ತದೆ. ಎಚ್ಚರ ಇರಬೇಕಾದ್ದು ಒತೋಸನ್ ಥರದ ಕಡೆಗಳಲ್ಲಿ. ಹತ್ತಿರ ಅನ್ನಿಸುವುದರಿಂದಲೇ ಅಲ್ಲಿ ಎಡವುತ್ತೇವೆ.

ಉಳಿದ ಅಳತೆಗಳು ನಿಮಗೇ ಗೊತ್ತಿರುವಂಥವು. ವಾರಕ್ಕೆ ಎಷ್ಟು ಹೊತ್ತು ಕೊಡಬಲ್ಲಿರಿ, ಎಷ್ಟು ಖರ್ಚು ಮಾಡಬಲ್ಲಿರಿ, ದನಿ ಬಳಸಲು ಸಂಕೋಚ ಇದೆಯೇ, ಜಾಗ ಸುರಕ್ಷಿತವೇ.

ಒಂದು ಮಾತು. ಜಪಾನಿನ ಎರಡು ಅಕ್ಷರಮಾಲೆಗಳಾದ ಹಿರಗಾನದ 46 ಮತ್ತು ಕಟಕಾನದ 46 ಮೂಲ ಅಕ್ಷರಗಳನ್ನು ಕಲಿಯಲು ಯಾವ ಬಳಗವೂ ಬೇಡ. ಒಂದು ನೋಟ್‌ಬುಕ್, ಎರಡು ಮೂರು ವಾರ ಸಾಕು. ಅದನ್ನು ಮುಗಿಸಿಕೊಂಡೇ ಹೋಗಿ. ಶುರುವಿನಲ್ಲಿ ಉಚ್ಚಾರವನ್ನು ಕನ್ನಡದಲ್ಲಿ ಬರೆದುಕೊಳ್ಳುವುದು ತಪ್ಪೇನಲ್ಲ, ಇಂಗ್ಲಿಷ್‌ಗಿಂತ ಅದು ಹತ್ತಿರವೇ. ಆದರೆ ತಿಂಗಳಾದ ಮೇಲೂ ಹಿರಗಾನ ಬಿಟ್ಟು ಇಂಗ್ಲಿಷ್ ಅಕ್ಷರದಲ್ಲೇ ಜಪಾನೀಸ್ ಬರೆಯುವ ಗುಂಪಿನಲ್ಲಿ ಇದ್ದರೆ ಹೊರಗೆ ಬನ್ನಿ.

ಸಂಸ್ಥೆಯ ಉಚಿತ ಕೋರ್ಸ್

ಜಪಾನ್ ಫೌಂಡೇಶನ್ 1972ರಲ್ಲಿ ಶುರುವಾದ ಸಂಸ್ಥೆ. ಭಾಷೆ, ಸಂಸ್ಕೃತಿ ಎರಡನ್ನೂ ಹೊರದೇಶಗಳಿಗೆ ತಲುಪಿಸುವುದೇ ಅದರ ಕೆಲಸ. 2016ರಿಂದ 'ಮಿನಾತೊ' ಎಂಬ ಆನ್‌ಲೈನ್ ಕಲಿಕೆಯ ತಾಣ ನಡೆಸುತ್ತಿದೆ. ಮಿನಾತೊ ಅಂದರೆ ಬಂದರು. ಸ್ವಂತವಾಗಿ ಕಲಿಯುವ ಕೋರ್ಸ್‌ಗಳು ಉಚಿತ. ಬೇರೆ ಬೇರೆ ದೇಶಗಳ ಕಲಿಯುವವರು ಸೇರಿ ಮಾತಾಡುವ ಜಾಗವೂ ಅಲ್ಲಿದೆ. ಪಾಠಗಳು 'ಮರುಗೊತೊ' ಎಂಬ ಪುಸ್ತಕದ ಮೇಲೆ ನಿಂತಿವೆ. ಮರುಗೊತೊ ಅಂದರೆ ಇಡಿಯಾಗಿ. ಭಾಷೆ ಮತ್ತು ಸಂಸ್ಕೃತಿ ಒಟ್ಟಿಗೆ ಅನ್ನುವುದು ಅದರ ಹೆಸರಿನಲ್ಲೇ ಇದೆ. ಪ್ರತಿ ಪಾಠದಲ್ಲೂ ಬದುಕು, ಸಂಸ್ಕೃತಿಯ ಭಾಗ ಇರುತ್ತದೆ. ಶುರುವಿನ ಮಟ್ಟದಲ್ಲಿ ಎರಡು ಸಂಪುಟ. ಒಂದು ಮಾತಾಡಿಸುವುದಕ್ಕೆ, ಒಂದು ವ್ಯಾಕರಣ ಗಟ್ಟಿ ಮಾಡುವುದಕ್ಕೆ.

ಅದೇ ಸಂಸ್ಥೆ 2020ರಲ್ಲಿ ತಂದ 'ಇರೊದೊರಿ' ಜಪಾನಿನಲ್ಲಿ ಬದುಕಲು ಹೋಗುವವರಿಗೆ ಹೇಳಿ ಮಾಡಿಸಿದ್ದು. ಪುಸ್ತಕ, ಆಡಿಯೊ ಎರಡನ್ನೂ ಪುಕ್ಕಟೆ ಇಳಿಸಿಕೊಳ್ಳಬಹುದು. ಅಂಗಡಿಯಲ್ಲಿ ಕೇಳುವುದು, ಕೆಲಸಕ್ಕೆ ತಡವಾಗುತ್ತೆ ಅಂತ ತಿಳಿಸುವುದು, ಆಸ್ಪತ್ರೆಯಲ್ಲಿ ನೋವು ಹೇಳುವುದು, ಇಂಥವುಗಳಿಂದಲೇ ಪಾಠ ಕಟ್ಟಿದ್ದಾರೆ. ಜೆಎಫ್‌ಟಿ ಬರೆಯುವವರು ಬೇರೆಲ್ಲೂ ಹುಡುಕಬೇಕಿಲ್ಲ.

ನನ್ನ ವಾಕ್ಯ ಇಲ್ಲಿ ಏನಾಗುತ್ತಿತ್ತು? ಪಾಠದಲ್ಲಿ ಚಿಚಿ, ಒತೋಸನ್ ಎರಡನ್ನೂ ಸರಿಯಾದ ಜಾಗದಲ್ಲಿ ತೋರಿಸುತ್ತಾರೆ. ಗಮನ ಇಟ್ಟು ಓದಿದ್ದರೆ ತಪ್ಪು ಆಗುತ್ತಲೇ ಇರಲಿಲ್ಲ. ಆದರೆ ಸ್ವಂತ ಕಲಿಕೆಯ ಕೋರ್ಸ್‌ನಲ್ಲಿ ನೀವೇ ಬರೆದ ವಾಕ್ಯವನ್ನು ಕೂತು ತಿದ್ದುವ ಮನುಷ್ಯರಿಲ್ಲ. ಶಿಕ್ಷಕರ ನೆರವು ಇರುವ ಕೋರ್ಸ್‌ಗಳು ಬೇರೆ, ಅವಕ್ಕೆ ಸೀಟು, ಸಮಯದ ಮಿತಿ ಇರುತ್ತದೆ. ಇನ್ನೊಂದು ತೊಂದರೆ, ನಿಮ್ಮನ್ನು ಎಬ್ಬಿಸಿ ಕೂರಿಸುವವರು ಯಾರೂ ಇಲ್ಲ. ಶಿಸ್ತು ಇದ್ದವರಿಗೆ ಇದಕ್ಕಿಂತ ಒಳ್ಳೆ ಅಡಿಪಾಯ ಇಲ್ಲ. ಶಿಸ್ತು ಬರಬೇಕಾದವರು ಇದರ ಜೊತೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು.

ಸಾವಿರಾರು ಜನರ ಚಾಟ್ ರೂಮ್

ಡಿಸ್ಕಾರ್ಡ್ ಥರದ ಕಡೆ ಇರುವ ದೊಡ್ಡ ಗುಂಪುಗಳು ಇವು. ಖರ್ಚಿಲ್ಲ. ರಾತ್ರಿ ಎರಡು ಗಂಟೆಗೆ ಪ್ರಶ್ನೆ ಕೇಳಿದರೂ ಯಾರೋ ಎಚ್ಚರ ಇರುತ್ತಾರೆ. ಪದಕ್ಕೆ ಅಂಟುವ ಪ್ರತ್ಯಯಗಳಲ್ಲಿ "ವ ಯಾವಾಗ, ಗ ಯಾವಾಗ" ಅಂತ ಕೇಳಿದರೆ ಐದೇ ನಿಮಿಷದಲ್ಲಿ ಮೂರು ಉತ್ತರ ಬರುತ್ತವೆ. ಅದರಲ್ಲಿ ಒಂದು ತಪ್ಪಿರಬಹುದು. ಹೊಸಬರಿಗೆ ಯಾವುದು ತಪ್ಪು ಅಂತ ತಿಳಿಯುವುದಿಲ್ಲ, ಅದೇ ಕಷ್ಟ.

ಇಲ್ಲಿ ಜೀವಂತ ಭಾಷೆ ಸಿಗುತ್ತದೆ ಅನ್ನುವುದು ನಿಜ. ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಕಲಿತದ್ದು ಇಂಥ ಕಡೆಯೇ. ಯಾರಾದರೂ ಏನನ್ನೋ ಸಾಧಿಸಿದರೆ ಜಪಾನಿನವರು 888 ಅಂತ ಹಾಕುತ್ತಾರೆ. ಎಂಟಕ್ಕೆ ಹಚಿ, ಚಪ್ಪಾಳೆಯ ಸದ್ದಿಗೆ ಪಚಿಪಚಿ. ನಗು ಬಂದರೆ 'ಹುಲ್ಲು' ಅನ್ನುವ ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರ, ಹಾಕುತ್ತಾರೆ. ನಗುವುದಕ್ಕೆ ವರೌ ಅಂತಾರೆ. ಅದನ್ನು ಇಂಗ್ಲಿಷ್‌ನಲ್ಲಿ ಬರೆದರೆ ಮೊದಲ ಅಕ್ಷರ ಡಬ್ಲ್ಯೂ. ನಾಲ್ಕು ಡಬ್ಲ್ಯೂ ಸಾಲಾಗಿ ನಿಂತರೆ ಹುಲ್ಲಿನ ಹಾಗೆ ಕಾಣುತ್ತದೆ, ಅಲ್ವಾ? ಇಂಥದ್ದು ಮನಸ್ಸಿನಲ್ಲಿ ಉಳಿಯುತ್ತದೆ, ಮಾರನೇ ದಿನ ಮತ್ತೆ ಬರಬೇಕು ಅನ್ನಿಸುತ್ತದೆ.

ಆದರೆ ನನ್ನ ವಾಕ್ಯಕ್ಕೆ ಹಾರ್ಟ್ ಬಂದದ್ದು ಇಲ್ಲಿಯೇ. ನೋಡಿದವರಲ್ಲಿ ಹೆಚ್ಚಿನವರು ನನ್ನಷ್ಟೇ ಹೊಸಬರು. ಬಲ್ಲವರು ಇದ್ದರೂ ಮೆಸೇಜ್‌ಗಳ ಪ್ರವಾಹದಲ್ಲಿ ಅದು ಹತ್ತು ನಿಮಿಷಕ್ಕೆ ಮೇಲೆ ಸರಿದುಹೋಯಿತು. ಹಾಗಾಗಿ ದೊಡ್ಡ ಚಾಟ್ ರೂಮ್ ಪ್ರಶ್ನೆ ಕೇಳುವುದಕ್ಕೆ ಸರಿ, ಪಾಠಕ್ಕೆ ಅಲ್ಲ. ಸೇರಲೇಬೇಕು ಅಂದರೆ, ವಾಕ್ಯ ತಿದ್ದಿಸಿಕೊಳ್ಳಲು ಪ್ರತ್ಯೇಕ ಕೋಣೆ ಇದೆಯೇ ನೋಡಿ. ಆ ಕೋಣೆಯಲ್ಲಿ ಹಿಂದಿನ ಒಂದು ವಾರದ ವಾಕ್ಯಗಳನ್ನು ಓದಿ. ಹತ್ತರಲ್ಲಿ ಎಷ್ಟಕ್ಕೆ ಉತ್ತರ ಬಂದಿದೆ ಎಣಿಸಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಬಿಡಿ.

ಜೊತೆಗಾರರನ್ನು ಹುಡುಕಿಕೊಡುವ ಆ್ಯಪ್

ಹಲೋಟಾಕ್, ಟ್ಯಾಂಡೆಮ್ ಥರದವು. ನೀವು ಜಪಾನೀಸ್ ಕಲಿಯುತ್ತೀರಿ, ಅವರು ನಿಮ್ಮಿಂದ ಇಂಗ್ಲಿಷ್ ಕಲಿಯುತ್ತಾರೆ. ಕೊಡುಕೊಳ್ಳುವ ಲೆಕ್ಕ. ಮೇಲ್ನೋಟಕ್ಕೆ ಇದೇ ಅತ್ಯುತ್ತಮ ಅನ್ನಿಸುತ್ತದೆ. ಜಪಾನಿನವರೇ ಸಿಗುವಾಗ ಇನ್ನೇನು ಬೇಕು?

ಆದರೆ ಸೌಜನ್ಯವೇ ಇಲ್ಲಿ ಅಡ್ಡ ಬರುತ್ತದೆ. ಹೊಸಬರು ಒಂದು ವಾಕ್ಯ ಹೇಳಿದರೂ "ನಿಹೊಂಗೊ ಜೋಜು ದೆಸು ನೆ" ಅನ್ನುತ್ತಾರೆ. ನಿಮ್ಮ ಜಪಾನೀಸ್ ಚೆನ್ನಾಗಿದೆ ಅಲ್ವಾ ಅಂತ. ಅದು ಪ್ರೀತಿಯಿಂದ ಹೇಳುವ ಮಾತು, ಅಂಕಪಟ್ಟಿ ಅಲ್ಲ. ಅಪರಿಚಿತರ ತಪ್ಪನ್ನು ಮುಖಕ್ಕೆ ಹೇಳುವುದು ಅಲ್ಲಿ ಒರಟುತನ. ನನ್ನ ಒತೋಸನ್ ವಾಕ್ಯಕ್ಕೆ ಇಲ್ಲಿ ಬಂದ ಉತ್ತರವೂ ಅದೇ, ಚೆನ್ನಾಗಿದೆ.

ದಾರಿ ಇದೆ. ನೀವೇ ಕೇಳಬೇಕು. "ನಾಒಶಿತೆ ಕುದಸೈ" ಅನ್ನಿ. ತಿದ್ದಿ ಕೊಡಿ ಅಂತ. ಪದಕ್ಕೆ ಪದ ಅದೇ, ನಾಒಶಿತೆ ಅಂದರೆ ತಿದ್ದಿ, ಕುದಸೈ ಅಂದರೆ ಕೊಡಿ. ಬರೀ ಇದಿಷ್ಟೇ ಅಲ್ಲದೆ ಯಾವುದನ್ನು ತಿದ್ದಬೇಕು ಅಂತಲೂ ಹೇಳಿ. "ಹೊರಗಿನವರ ಮುಂದೆ ಹೀಗೆ ಹೇಳಬಹುದಾ?" ಅಂತ ಕೇಳಿದರೆ ಅವರಿಗೂ ಸುಲಭ. ಆಗ ಬರುವ ವಿವರಣೆ ಯಾವ ಪುಸ್ತಕದಲ್ಲೂ ಸಿಗದು.

ಎರಡನೇ ತೊಂದರೆ ಇಂಗ್ಲಿಷ್. ಅವರ ಇಂಗ್ಲಿಷ್ ನಿಮ್ಮ ಜಪಾನೀಸ್‌ಗಿಂತ ಮುಂದಿರುತ್ತದೆ. ಮಾತು ತಾನಾಗಿ ಆ ಕಡೆ ಜಾರುತ್ತದೆ. ಹದಿನೈದು ನಿಮಿಷ ಜಪಾನೀಸ್, ಹದಿನೈದು ನಿಮಿಷ ಇಂಗ್ಲಿಷ್ ಅಂತ ಅಲಾರಂ ಇಟ್ಟುಕೊಂಡೇ ಮಾತಾಡಿ. ಫೋನಿನಲ್ಲಿ ಮಾತಾಡುವಾಗ ಸುಮ್ನೆ ಕೇಳುತ್ತಾ ಕೂತರೆ ಅವರಿಗೆ ಕಸಿವಿಸಿ ಆಗುತ್ತದೆ. ನಡುನಡುವೆ 'ಹೈ', 'ಸೋ ದೆಸು ನೆ' ಅಂತ ಹೂಂಗುಟ್ಟಬೇಕು. ಇದಕ್ಕೆ ಐಜುಚಿ ಅನ್ನುತ್ತಾರೆ. ನಮಗೆ ಹೂಂಗುಟ್ಟುವುದು ಹೊಸದೇನಲ್ಲ. ಆದರೆ ಅವರ 'ಹೈ' ಅಂದರೆ ಎಷ್ಟೋ ಸಲ "ಕೇಳಿಸಿಕೊಳ್ಳುತ್ತಿದ್ದೇನೆ" ಅಂತ ಮಾತ್ರ, "ಒಪ್ಪಿದೆ" ಅಂತ ಅಲ್ಲ. ಯಾವುದಕ್ಕಾದರೂ ಕರೆದಾಗ "ಚೊತ್ತೊ..." ಅಂತ ಎಳೆದು ನಿಲ್ಲಿಸಿದರೆ ಆಗುವುದಿಲ್ಲ ಅಂತ ಅರ್ಥ. ಮತ್ತೆ ಒತ್ತಾಯಿಸಬೇಡಿ. 'ಅನತಾ' ಅಂದರೆ ನೀವು ಅಂತ ಪುಸ್ತಕದಲ್ಲಿ ಇರುತ್ತದೆ. ಅದನ್ನು ಬಳಸದೆ ಹೆಸರಿಗೆ 'ಸನ್' ಸೇರಿಸಿ ಕರೆಯಿರಿ.

ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಗೋಲ್ಡನ್ ವೀಕ್ ರಜೆ, ಆಗಸ್ಟ್ ನಡುವೆ ಒಬೊನ್, ಆಮೇಲೆ ಹೊಸವರ್ಷ. ಆಗ ಜೊತೆಗಾರರು ಕಾಣದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಜಪಾನಿನಲ್ಲಿ ಕೆಲಸಕ್ಕೆ ಹೋಗುವವರಿಗೆ ಬಿಡುವಾಗುವುದು ರಾತ್ರಿ. ಅವರ ರಾತ್ರಿ 9 ಗಂಟೆ ನಿಮಗೆ ಎಷ್ಟು ಹೊತ್ತಾಗುತ್ತದೆ ನೋಡಿಕೊಂಡೇ ಈ ದಾರಿ ಹಿಡಿಯಿರಿ.

ಸುರಕ್ಷತೆಯ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ. ಭಾಷೆಯ ನೆಪದಲ್ಲಿ ಪ್ರೇಮ ಹುಡುಕುವವರು, ದುಡ್ಡಿನ ಮಾತಿಗೆ ಇಳಿಯುವವರು ಇಂಥ ಕಡೆ ಬರುತ್ತಾರೆ. ಫೋನ್ ನಂಬರ್, ಮನೆ ವಿಳಾಸ ಕೊಡಬೇಡಿ. ಬೇರೆ ಆ್ಯಪ್‌ಗೆ ಬನ್ನಿ ಅಂತ ಎರಡನೇ ದಿನವೇ ಕರೆದರೆ ಅಲ್ಲಿಗೇ ನಿಲ್ಲಿಸಿ. ಹದಿನೆಂಟು ತುಂಬದವರಿಗೆ ಈ ದಾರಿ ಬೇಡವೇ ಬೇಡ.

ದುಡ್ಡು ಕೊಟ್ಟು ಸೇರುವ ಚಿಕ್ಕ ತರಗತಿ

ನನ್ನ ವಾಕ್ಯ ತಿದ್ದಿದ್ದು ಇಲ್ಲಿ. ಹೇಳಿದ ಮೂರನೇ ಸೆಕೆಂಡಿಗೆ. ಅದಕ್ಕಿಂತ ದೊಡ್ಡ ಪ್ರಮಾಣಪತ್ರ ನನ್ನ ಬಳಿ ಇಲ್ಲ.

ಒಬ್ಬ ಶಿಕ್ಷಕರು, ನಾಲ್ಕರಿಂದ ಆರು ಜನ, ವಾರಕ್ಕೆ ಎರಡು ದಿನ. ಇದು ಸರಿಯಾಗಿ ನಡೆದರೆ ಉಳಿದದ್ದೆಲ್ಲ ಹಿಂದೆ ಬೀಳುತ್ತದೆ. ಆದರೆ ದುಬಾರಿ. ಸೇರುವ ಮುಂಚೆ ಮೂರು ಪ್ರಶ್ನೆ ಕೇಳಿ. ಒಂದು ತರಗತಿಯಲ್ಲಿ ಎಷ್ಟು ಜನ? ಹದಿನೈದು ಅಂದರೆ ಅದು ಭಾಷಣ, ತರಗತಿ ಅಲ್ಲ. ಒಂದು ಗಂಟೆಯಲ್ಲಿ ನಾನು ಎಷ್ಟು ನಿಮಿಷ ಮಾತಾಡುತ್ತೇನೆ? ಬರೆದದ್ದನ್ನು ಮನೆಪಾಠವಾಗಿ ತಿದ್ದುತ್ತೀರಾ? ಶಿಕ್ಷಕರು ಜಪಾನಿನವರೇ ಆಗಬೇಕು ಅಂತ ಹಟ ಬೇಡ. ನಿಮ್ಮ ಭಾಷೆಯಿಂದಲೇ ಹೋಗಿ ಜಪಾನೀಸ್ ಗೆದ್ದವರಿಗೆ ನೀವು ಎಲ್ಲಿ ಎಡವುತ್ತೀರಿ ಅಂತ ಮುಂಚೆಯೇ ಗೊತ್ತಿರುತ್ತದೆ. ಉಚ್ಚಾರ, ಐಜುಚಿ, ಸಹಜತೆಗೆ ಜಪಾನಿನವರು ಬೇಕು. ಮೊದಲ ಮೂರು ತಿಂಗಳಿಗೆ ನಮ್ಮ ಭಾಷೆಯವರು, ಆಮೇಲೆ ಜಪಾನಿನವರು, ಇದು ನನಗೆ ಸರಿ ಕಂಡ ಕ್ರಮ.

ಇಡೀ ವರ್ಷದ ಫೀ ಒಂದೇ ಸಲ ಕಟ್ಟಬೇಡಿ. ನಾನು ಹಾಗೆ ಕಟ್ಟಿದ ಒಂದು ಕಡೆ ಎರಡೇ ತಿಂಗಳಲ್ಲಿ ಶಿಕ್ಷಕರು ಬದಲಾದರು. ಬಂದ ಹೊಸಬರು ಪುಸ್ತಕ ಓದಿ ಹೇಳುತ್ತಿದ್ದರು, ಅಷ್ಟೇ. ದುಡ್ಡು ವಾಪಸ್ ಬರಲಿಲ್ಲ. ತಿಂಗಳ ಲೆಕ್ಕ, ಇಲ್ಲವೇ ಗಂಟೆಯ ಲೆಕ್ಕ ಇರುವಲ್ಲಿ ಸೇರಿ.

ಆಸಕ್ತಿಯ ಹಿಂದೆ ಹೋಗುವ ಗುಂಪು

ಇದರ ಬಗ್ಗೆ ನನಗೆ ಪ್ರೀತಿ ಜಾಸ್ತಿ. ಶೋಗಿ ಆಡುವವರು, ಶೊದೋ ಅಂದರೆ ಕುಂಚದ ಬರಹ ಕಲಿಯುವವರು, ಹೈಕು ಎಂಬ ಕಿರುಗವಿತೆ ಬರೆಯುವವರು. ಇಲ್ಲಿ ಸಂಸ್ಕೃತಿ ಮೊದಲು, ಭಾಷೆ ಅದರ ಬೆನ್ನ ಹಿಂದೆ ಬರುತ್ತದೆ.

ಶೋಗಿ ಜಪಾನಿನ ಚದುರಂಗ. ಆಟ ಶುರುವಾಗುವಾಗ "ಒನೆಗೈಶಿಮಸು" ಅನ್ನುತ್ತಾರೆ. ಸೋತವರು ತಾವೇ ಬಾಯಿಬಿಟ್ಟು "ಮಕೆಮಶಿತ" ಅನ್ನಬೇಕು, ಸೋತೆ ಅಂತ. ಆಮೇಲೆ ಇಬ್ಬರೂ ವಂದಿಸುತ್ತಾರೆ. ಹತ್ತು ಆಟ ಸೋತವರು ಈ ಭೂತಕಾಲದ ರೂಪವನ್ನು ಜೀವನದಲ್ಲಿ ಮರೆಯುವುದಿಲ್ಲ.

ಹೈಕು ಇನ್ನೂ ಸೊಗಸು. 5, 7, 5 ಅಂತ ಎಣಿಸುತ್ತಾರಲ್ಲ, ಅದು ಅಕ್ಷರ ಲೆಕ್ಕ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಅದು ನಮ್ಮ ಮಾತ್ರೆಯ ಲೆಕ್ಕಕ್ಕೆ ತೀರಾ ಹತ್ತಿರ. ತೋಕ್ಯೋ ನಾಲ್ಕು: ತೊ, ಒ, ಕ್ಯೊ, ಒ. ನಿಪ್ಪೊನ್ ಕೂಡ ನಾಲ್ಕು: ನಿ, ಪ್, ಪೊ, ನ್. ಕನ್ನಡದ ಛಂದಸ್ಸಿನ ಹಾಗೆ ಲಘು, ಗುರು ಹಾಕಿ ನೋಡಿ, ಎರಡೆರಡು ಗುರು, ನಾಲ್ಕು ಮಾತ್ರೆ. ಶಾಲೆಯಲ್ಲಿ ಪ್ರಸ್ತಾರ ಹಾಕಿದ ಕನ್ನಡದವರು ಇದನ್ನು ಹತ್ತು ನಿಮಿಷದಲ್ಲಿ ಹಿಡಿಯುತ್ತಾರೆ. ಹೈಕು ಗುಂಪಿನಲ್ಲಿ ವಾರಕ್ಕೆ ಒಂದು ಬರೆದರೂ ದೀರ್ಘ, ಒತ್ತು ಎರಡೂ ಕಿವಿಯಲ್ಲಿ ಕೂತುಬಿಡುತ್ತವೆ.

ಅನಿಮೆ ಗುಂಪುಗಳಲ್ಲಿ ಉತ್ಸಾಹ ಇನ್ನೂ ಜಾಸ್ತಿ. ಕೇಳುವ ಅಭ್ಯಾಸಕ್ಕೆ ಒಳ್ಳೆಯದೇ. ಆದರೆ ಪಾತ್ರಗಳು ತಮ್ಮನ್ನು 'ಒರೆ' ಅಂದುಕೊಳ್ಳುತ್ತವೆ, ಎದುರಿನವರನ್ನು 'ಒಮಾಎ' ಅನ್ನುತ್ತವೆ. ಅದನ್ನೇ ಎತ್ತಿಕೊಂಡು ಹಿರಿಯರ ಮುಂದೆ ಆಡಿದರೆ "ಏನೋ, ಬಾರೋ" ಅಂದ ಹಾಗಾಗುತ್ತದೆ. ಕೇಳಿ ಕಲಿಯಿರಿ, ಆಡಲು ಮರ್ಯಾದೆಯ 'ದೆಸು', 'ಮಸು' ರೂಪ ಇರಲಿ.

ನನ್ನ ವಾಕ್ಯ ಇಲ್ಲಿ? ಗುಂಪು ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಜಪಾನಿನ ಹಿರಿಯರು ಇರುವ ಹೈಕು ಗುಂಪಿನಲ್ಲಿ ಮೆತ್ತಗೆ ತಿದ್ದುತ್ತಾರೆ. ಅಭಿಮಾನಿಗಳ ಗುಂಪಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಕ್ರಮವಾದ ಪಾಠ ಎರಡರಲ್ಲೂ ಇಲ್ಲ. ಆದ್ದರಿಂದ ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

ನಾವೇ ಕಟ್ಟಿಕೊಳ್ಳುವ ಐದಾರು ಜನರ ಬಳಗ

ದುಡ್ಡು ಕಡಿಮೆ, ಆಸೆ ಜಾಸ್ತಿ ಇರುವವರಿಗೆ ನಾನು ಹೇಳುವುದು ಇದನ್ನೇ. ಒಂದೇ ಮಟ್ಟದ ಐದಾರು ಜನ ಸೇರಿ. ವಾರಕ್ಕೊಂದು ಸಂಜೆ ವಿಡಿಯೊ ಕರೆ. ಪಾಠಕ್ಕೆ ಇರೊದೊರಿ ಇರಲಿ, ಹೇಗೂ ಉಚಿತ. ಒಬ್ಬೊಬ್ಬರು ಒಂದೊಂದು ಪಾಠ ಹೊತ್ತುಕೊಳ್ಳಲಿ. ವ್ಯಾಕರಣವನ್ನು ಕನ್ನಡದಲ್ಲೇ ಬಿಡಿಸಿ ಹೇಳಿ. ತಿಂದು ನೋಡು, ಬರೆದಿಡು ಅಂತ ಹೇಳಿದಾಗ ಎದುರಿಗಿರುವವರ ಮುಖ ಅರಳುವುದನ್ನು ನೋಡಬೇಕು.

ಹಬ್ಬಗಳನ್ನು ವಾಕ್ಯಕ್ಕೆ ಕಟ್ಟಿ. ಜುಲೈ 7 ತನಬತ. ಜಪಾನಿನಲ್ಲಿ ತಂಜಕು ಎಂಬ ಉದ್ದನೆಯ ಕಾಗದದ ಪಟ್ಟಿಗಳಲ್ಲಿ ಆಸೆ ಬರೆದು ಬಿದಿರಿನ ಕೊಂಬೆಗೆ ಕಟ್ಟುತ್ತಾರೆ. ನಮ್ಮ ಬಳಗದಲ್ಲಿ ಅವತ್ತು ಒಬ್ಬೊಬ್ಬರು ಒಂದು ಪಟ್ಟಿ ಬರೆದು ಕ್ಯಾಮೆರಾಕ್ಕೆ ಹಿಡಿದೆವು. ಕೊನೆಗೆ "ಯೋ ನಿ" ಬರಬೇಕು, ಹಾಗಾಗಲಿ ಅಂತ. ಒಬ್ಬರು "ನಿಹೊಂಗೊ ಗ ಜೋಜು ನಿ ನರಿಮಸು ಯೋ ನಿ" ಅಂತ ಬರೆದಿದ್ದರು, ಜಪಾನೀಸ್ ಚೆನ್ನಾಗಿ ಬರುವಂತಾಗಲಿ. ಕೈಬರಹ ಸೊಟ್ಟಗಿತ್ತು. ಒಂದು ಕಾಂಜಿಯ ಗೆರೆ ಕಾಗದದ ಅಂಚು ದಾಟಿ ಹೋಗಿತ್ತು. ಆ ರೂಪವನ್ನು ಅವತ್ತು ಕಲಿತವರು ಯಾರೂ ಮತ್ತೆ ತಪ್ಪಲಿಲ್ಲ.

ಈ ಬಳಗದ ದೌರ್ಬಲ್ಯ ಎರಡು. ಒಂದು, ಎರಡನೇ ಮೂರನೇ ತಿಂಗಳಲ್ಲಿ ಒಬ್ಬೊಬ್ಬರೇ ತಪ್ಪಿಸಿಕೊಳ್ಳುತ್ತಾರೆ. ದಿನ, ಹೊತ್ತು ಬದಲಿಸದೆ ಇಬ್ಬರು ಬಂದರೂ ನಡೆಸಿ. ಇನ್ನೊಂದು ದೊಡ್ಡದು. ಎಲ್ಲರೂ ಕನ್ನಡದವರಾದರೆ ಎಲ್ಲರ ತಪ್ಪೂ ಒಂದೇ. ನನ್ನ ಒತೋಸನ್ ವಾಕ್ಯವನ್ನು ಇಲ್ಲಿ ಐದು ಜನ ಸೇರಿ ಸರಿ ಅನ್ನುತ್ತಾರೆ. ಅದಕ್ಕೆ ಮದ್ದು, ತಿಂಗಳಿಗೊಮ್ಮೆ ಎಲ್ಲರೂ ದುಡ್ಡು ಹಾಕಿ ಒಬ್ಬ ಶಿಕ್ಷಕರನ್ನು ಒಂದು ಗಂಟೆ ಕರೆಯುವುದು. ಆ ತಿಂಗಳು ಬರೆದ ವಾಕ್ಯಗಳನ್ನೆಲ್ಲ ಅವರ ಮುಂದೆ ಇಡಿ. ಖರ್ಚು ಹಂಚಿಹೋಗುತ್ತದೆ, ಒಬ್ಬರ ತಪ್ಪಿನಿಂದ ಆರು ಜನ ಕಲಿಯುತ್ತಾರೆ.

ಹಾಗಾದರೆ ನಿಮಗೆ ಯಾವುದು

ಎನ್5 ಬರೆಯಬೇಕು, ಆರು ತಿಂಗಳಿದೆ ಅಂದರೆ ಮಿನಾತೊದ ಕೋರ್ಸ್ ಹಿಡಿಯಿರಿ. ಜೊತೆಗೆ ಅದೇ ಪರೀಕ್ಷೆಗೆ ಓದುವ ಇಬ್ಬರು ಸಾಕು. ಕೇಳುವಿಕೆಗೆ ದಿನಾ ಹೊತ್ತು ಕೊಡಿ. ಜಪಾನಿನ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ ವರ್ಲ್ಡ್‌ನ ಶುರುವಿನ ಪಾಠಗಳು 48 ಇವೆ, ಪುಕ್ಕಟೆ.

ಕೆಲಸಕ್ಕೆ ಹೋಗುವವರು ಖರ್ಚು ಮಾಡಲೇಬೇಕು. ಇರೊದೊರಿ ಸ್ವಂತ ಓದಿಕೊಂಡು, ಮಾತಿಗೆ ಚಿಕ್ಕ ತರಗತಿ ಸೇರಿ. ಉಚಿ, ಸೊತೊ ತಪ್ಪಿದರೆ ಕೆಲಸದ ಜಾಗದಲ್ಲಿ ಬಾಯಿಬಿಟ್ಟು ಹೇಳುವವರು ಕಡಿಮೆ. ಅದನ್ನು ಮುಂಚೆಯೇ ತಿದ್ದಿಸಿಕೊಂಡು ಹೋಗುವುದು ಒಳ್ಳೆಯದು.

ಬರೀ ಪ್ರೀತಿಗೆ ಕಲಿಯುವವರಿಗೆ ಆತುರ ಇಲ್ಲ. ಆಸಕ್ತಿಯ ಗುಂಪು ಒಂದು, ಸ್ವಂತ ಬಳಗ ಒಂದು. ವರ್ಷ ಹಿಡಿದರೂ ಹಿಡಿಯಲಿ.

ಮಾತಾಡಲು ನಾಚಿಕೆ ಇರುವವರು ಜೊತೆಗಾರರ ಆ್ಯಪ್‌ನಲ್ಲಿ ಬರಹದಿಂದ ಶುರು ಮಾಡಿ. ಬರೆದು ತಿದ್ದಿಸಿಕೊಳ್ಳಿ, ತಿದ್ದಿದ್ದನ್ನು ಒಬ್ಬರೇ ಕೂತು ಗಟ್ಟಿಯಾಗಿ ಓದಿ. ತಿಂಗಳಾದ ಮೇಲೆ ಒಂದು ನಿಮಿಷದ ದನಿ ಕಳಿಸಿ. ದೊಡ್ಡ ಚಾಟ್ ರೂಮ್‌ನ ವಾಯ್ಸ್ ಕೋಣೆಗೆ ಮೊದಲೇ ಹೋಗಬೇಡಿ. ಅಲ್ಲಿ ಜೋರಾಗಿ ಮಾತಾಡುವವರ ನಡುವೆ ನಿಮ್ಮ ದನಿ ಇನ್ನೂ ಚಿಕ್ಕದಾಗುತ್ತದೆ.

ಇಷ್ಟಾದರೂ ಎರಡರ ನಡುವೆ ತೂಗಾಡುತ್ತಿದ್ದರೆ, ಎರಡೂ ಕಡೆ ಒಂದೊಂದು ವಾರ ಇರಿ. ನಿಮ್ಮ ಬಗ್ಗೆ, ನಿಮ್ಮ ಮನೆಯವರ ಬಗ್ಗೆ ಮೂರು ವಾಕ್ಯ ಬರೆದು ಹಾಕಿ. ಮನೆಯವರ ಬಗ್ಗೆ ಇರಲೇಬೇಕು, ತಪ್ಪು ಆಗುವುದು ಅಲ್ಲಿಯೇ. ಕೊನೆಗೆ "ನಾಒಶಿತೆ ಕುದಸೈ" ಅಂತ ಸೇರಿಸಿ. ಏಳು ದಿನದಲ್ಲಿ ಎಲ್ಲಿ ತಿದ್ದಿ, ಯಾಕೆ ಅಂತಲೂ ಹೇಳುತ್ತಾರೋ ಅಲ್ಲಿ ಉಳಿಯಿರಿ.